ಎಫ್.ಎ. ಫೇಲ್: ರಾಮಾನುಜನ್ ಪಾಸು ಮಾಡದ ಪರೀಕ್ಷೆ

1904ರಲ್ಲಿ ಕುಂಭಕೋಣಂನ ಟೌನ್ ಹೈಸ್ಕೂಲು ಮುಗಿಸಿದಾಗ ಶ್ರೀನಿವಾಸ ರಾಮಾನುಜನ್ ಅವರಿಗೆ ಗಣಿತದ ಬಹುಮಾನ ಬಂದಿತ್ತು. ಊರಿನ ಸರ್ಕಾರಿ ಕಾಲೇಜಿಗೆ ಸೇರಲು ವಿದ್ಯಾರ್ಥಿವೇತನವೂ ಸಿಕ್ಕಿತ್ತು. 1907ರ ಕೊನೆಯ ಹೊತ್ತಿಗೆ ಅವರು ಎರಡು ಕಾಲೇಜು ಬಿಟ್ಟಿದ್ದರು, ಒಂದೇ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದರು. ಆ ಪರೀಕ್ಷೆಯನ್ನು ಅವರು ಮುಂದೆಂದೂ ಪಾಸು ಮಾಡಲಿಲ್ಲ. ಅವರ ಜೀವನ ಹೇಳುವಾಗ ಈ ಭಾಗವನ್ನು ಒಂದೆರಡು ಸಾಲಿನಲ್ಲಿ ಮುಗಿಸಿ, ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಯವರಿಗೆ ಬರೆದ ಪತ್ರಕ್ಕೆ ಹೋಗುವುದು ವಾಡಿಕೆ. ಪರೀಕ್ಷೆಗೂ ಪತ್ರಕ್ಕೂ ನಡುವೆ ಐದು ವರ್ಷಗಳಿವೆ. ಓದು ಅರ್ಧಕ್ಕೆ ನಿಂತವನೊಬ್ಬ ಹೇಗೆ ಉಳಿದುಕೊಂಡ ಎಂಬುದು ಆ ಐದು ವರ್ಷಗಳಲ್ಲಿದೆ.

ಆ ಪರೀಕ್ಷೆಯ ಹೆಸರು ಫಸ್ಟ್ ಆರ್ಟ್ಸ್, ಜನರ ಬಾಯಲ್ಲಿ ಎಫ್.ಎ. ಮೆಟ್ರಿಕ್ಯುಲೇಷನ್ ಆದ ಮೇಲೆ ಬಿ.ಎ. ತರಗತಿಗೆ ಹೋಗಬೇಕಾದವರು ಅದನ್ನು ದಾಟಲೇಬೇಕಿತ್ತು. 1857ರಲ್ಲಿ ಶುರುವಾದ ಮದ್ರಾಸ್ ವಿಶ್ವವಿದ್ಯಾಲಯ ಮೊದಲ ಅರ್ಧ ಶತಮಾನ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ, ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಪಾಠ ಕಾಲೇಜುಗಳದ್ದು, ಪಠ್ಯಕ್ರಮವೂ ಪ್ರಶ್ನೆಪತ್ರಿಕೆಯೂ ವಿಶ್ವವಿದ್ಯಾಲಯದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳೂ ಇದೇ ವ್ಯವಸ್ಥೆಗೆ ಸೇರಿದ್ದವು. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದರೂ ಅವರ ಬಿ.ಎ. ಪದವಿ ಮದ್ರಾಸಿನದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೂ ಸಂಸ್ಥಾನದ ಹುಡುಗರ ಭವಿಷ್ಯ ಮದ್ರಾಸಿನ ಫಲಿತಾಂಶದ ಮೇಲೇ ನಿಂತಿತ್ತು.

ಎಫ್.ಎ.ಯಲ್ಲಿ ಗಣಿತದ ಜೊತೆ ಇಂಗ್ಲಿಷ್, ಗ್ರೀಕ್ ಮತ್ತು ರೋಮನ್ ಚರಿತ್ರೆ, ಶರೀರಶಾಸ್ತ್ರ, ಇನ್ನೊಂದು ಭಾಷೆ ಇದ್ದವು. ಒಂದರಲ್ಲಿ ಎಷ್ಟೇ ಅಂಕ ಬಂದರೂ ಉಳಿದವುಗಳಲ್ಲಿ ಸೋತರೆ ಇಡೀ ಪರೀಕ್ಷೆಯೇ ಫೇಲ್. ರಾಮಾನುಜನ್ ಅವರ ತಲೆಯಲ್ಲಿ ಗಣಿತ ಬಿಟ್ಟರೆ ಬೇರೇನೂ ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ಫೇಲಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. ಅಪ್ಪ ಜವಳಿ ಅಂಗಡಿಯ ಗುಮಾಸ್ತ. ವಿದ್ಯಾರ್ಥಿವೇತನ ಹೋಯಿತೆಂದರೆ ಕಾಲೇಜೂ ಹೋದಂತೆಯೇ. 1905ರಲ್ಲಿ ಹುಡುಗ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದ.

ಮರುವರ್ಷ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಅವರನ್ನು ಸೇರಿಸಿಕೊಂಡಿತು. ಆದರೆ ಕಾಲೇಜು ಬದಲಾದರೂ ಪರೀಕ್ಷೆ ಬದಲಾಗಲಿಲ್ಲ. ಕುಂಭಕೋಣಂನಲ್ಲಿ ಬಾಕಿ ಉಳಿದದ್ದೇ ಮದ್ರಾಸಿನಲ್ಲೂ ಎದುರಿಗೆ ನಿಂತಿತು. ನಡುವೆ ಕಾಯಿಲೆಯೂ ಬಂತು. 1906ರ ಡಿಸೆಂಬರಿನಲ್ಲಿ ಫೇಲ್. ಮರುವರ್ಷ ಖಾಸಗಿಯಾಗಿ ಕಟ್ಟಿದಾಗಲೂ ಫೇಲ್. ಬಿ.ಎ. ತರಗತಿಯ ಬಾಗಿಲು ಅಲ್ಲಿಗೆ ಮುಚ್ಚಿತು.

ಮುಂದಿನ ವರ್ಷಗಳಲ್ಲಿ ಅವರು ಮಾಡಿದ್ದು ಹೊರನೋಟಕ್ಕೆ ದೊಡ್ಡದೇನಲ್ಲ. ಮನೆಪಾಠ ಹೇಳಿ ಒಂದಿಷ್ಟು ದುಡಿಯಲು ನೋಡಿದರು. ನೋಟುಪುಸ್ತಕಗಳಲ್ಲಿ ಲೆಕ್ಕ ಬರೆಯುತ್ತಲೇ ಹೋದರು. 1909ರಲ್ಲಿ ಹತ್ತು ವರ್ಷದ ಜಾನಕಿಯೊಂದಿಗೆ ಮದುವೆಯಾಯಿತು. ಇನ್ನು ಕೆಲಸ ಬೇಕೇಬೇಕು. ಅಂಕಪಟ್ಟಿ ತೋರಿಸುವಂತಿಲ್ಲವಾದ್ದರಿಂದ ಆ ನೋಟುಪುಸ್ತಕಗಳನ್ನೇ ಹಿಡಿದು ಮನೆಯಿಂದ ಮನೆಗೆ ಹೋದರು.

ಆ ಮನೆಗಳ ಆಯ್ಕೆಯಲ್ಲಿ ಒಂದು ಕ್ರಮವಿದೆ. 1910ರಲ್ಲಿ ಅವರು ಹೋಗಿದ್ದು ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಬಳಿಗೆ. ಕೇಳಿದ್ದು ಕಂದಾಯ ಇಲಾಖೆಯಲ್ಲಿ ಒಂದು ಗುಮಾಸ್ತಿಕೆ. ಆದರೆ ಆ ಅಧಿಕಾರಿ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು, ನೋಟುಪುಸ್ತಕ ಓದಬಲ್ಲವರು. ಇಂಥವನನ್ನು ಕಂದಾಯದ ಕಡತಗಳಲ್ಲಿ ಹೂತುಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಅವರು ಪರಿಚಯ ಪತ್ರ ಕೊಟ್ಟು ಮದ್ರಾಸಿಗೆ ಕಳಿಸಿದರು. ಅಲ್ಲಿಂದ ದಾರಿ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರನ್ನು ಮುಟ್ಟಿತು. ಅವರೂ ಗಣಿತದಲ್ಲಿ ಆಸಕ್ತರು. ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು. 1911ರಲ್ಲಿ ಸಂಘದ ಪತ್ರಿಕೆಯಲ್ಲಿ ಬರ್ನೂಲಿ ಸಂಖ್ಯೆಗಳ ಮೇಲಿನ ರಾಮಾನುಜನ್ ಲೇಖನ ಅಚ್ಚಾಯಿತು. ಲೇಖಕ ಯಾವ ತರಗತಿ ಪಾಸಾಗಿದ್ದಾನೆಂದು ಪತ್ರಿಕೆ ಕೇಳಬೇಕಿರಲಿಲ್ಲ.

ಬೇರೆಯವರ ಹಣದಲ್ಲಿ ಬಹಳ ದಿನ ಇರುವುದು ರಾಮಾನುಜನ್ ಅವರಿಗೆ ಒಗ್ಗಲಿಲ್ಲ. 1912ರ ಫೆಬ್ರುವರಿಯಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಕೆಲಸ ಕೇಳಿ ಅರ್ಜಿ ಹಾಕಿದರು. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ.ವರೆಗೆ ಓದಿದ್ದೇನೆ, ಕೆಲವು ಅನನುಕೂಲಗಳಿಂದ ಮುಂದುವರಿಸಲಾಗಲಿಲ್ಲ ಎಂಬುದು ಅದರ ಸಾರ. ‘ಬಿ.ಎ. ಫೇಲ್’ ಎಂಬುದನ್ನೂ ಅರ್ಹತೆಯಂತೆ ಬರೆದುಕೊಳ್ಳುತ್ತಿದ್ದ ಕಾಲ ಅದು. ಮಾರ್ಚ್ 1ರಿಂದ 30 ರೂಪಾಯಿ ಸಂಬಳದ ಗುಮಾಸ್ತಿಕೆ ಸಿಕ್ಕಿತು. ಮರುವರ್ಷ ಜನವರಿ 16ರಂದು ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ‘ಅನನುಕೂಲ’ದ ಮಾತೂ ಇಲ್ಲ. ತನಗೆ ವಿಶ್ವವಿದ್ಯಾಲಯದ ಶಿಕ್ಷಣ ಇಲ್ಲವೆಂದು ಆರಂಭದಲ್ಲೇ ಹೇಳಿ, ಸೀದಾ ಗಣಿತಕ್ಕೆ ಬಂದರು. ಗುಮಾಸ್ತಿಕೆಗೆ ಮುಚ್ಚಿಕೊಳ್ಳಬೇಕಾಗಿದ್ದನ್ನು ಗಣಿತಜ್ಞನ ಮುಂದೆ ಮುಚ್ಚಿಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಹಾರ್ಡಿಯವರ ಉತ್ತರ ಬಂದ ಕೂಡಲೇ ಎಲ್ಲವೂ ಸಲೀಸಾಗಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವೇತನವೇನೋ ಇತ್ತು, ಆದರೆ ಅದು ಪದವಿ ಇದ್ದವರಿಗೆ. ಎಫ್.ಎ. ಕೂಡ ದಾಟದವರಿಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷ ಕೊಡಬೇಕೆಂಬ ಶಿಫಾರಸು ಸಿಂಡಿಕೇಟಿನ ಮುಂದೆ ಬಂದಾಗ ನಿಯಮದ ಪ್ರಶ್ನೆ ಎದ್ದಿತು. ನ್ಯಾಯಮೂರ್ತಿ ಪಿ.ಆರ್. ಸುಂದರಂ ಅಯ್ಯರ್ ಕಾಯಿದೆಯ ಪೀಠಿಕೆಯತ್ತ ಬೆರಳು ತೋರಿಸಿದರು. ಸಂಶೋಧನೆಗೆ ಒತ್ತಾಸೆ ಕೊಡುವುದು ವಿಶ್ವವಿದ್ಯಾಲಯದ ಉದ್ದೇಶಗಳಲ್ಲೊಂದು ಎಂದು ಅಲ್ಲೇ ಇದೆಯಲ್ಲ ಎಂಬುದು ಅವರ ವಾದ. ಉಪನಿಯಮ ಅಡ್ಡ ಬಂದಾಗ ಮೂಲ ಉದ್ದೇಶವನ್ನು ಓದುವುದು ವಕೀಲರ ಹಳೆಯ ದಾರಿ. 1913ರ ಮೇ ತಿಂಗಳಲ್ಲಿ, ಎರಡು ಸಲ ಫೇಲ್ ಮಾಡಿದ ವಿಶ್ವವಿದ್ಯಾಲಯವೇ ಅವರನ್ನು ಸಂಶೋಧಕರೆಂದು ಸೇರಿಸಿಕೊಂಡಿತು. ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂಬುದು ಷರತ್ತು.

ಕೇಂಬ್ರಿಜ್‌ನಲ್ಲೂ ಇದೇ ಕತೆ. ಸಂಶೋಧನಾ ವಿದ್ಯಾರ್ಥಿಯಾಗಲು ಹಿಂದಿನ ವಿಶ್ವವಿದ್ಯಾಲಯದ ಪ್ರಮಾಣಪತ್ರ ಬೇಕಿತ್ತು, ರಾಮಾನುಜನ್ ಅವರ ಮಟ್ಟಿಗೆ ಅದನ್ನು ಬಿಟ್ಟುಕೊಟ್ಟರು. ಪಿಎಚ್.ಡಿ. ಅಲ್ಲಿ ಆಗ ಇನ್ನೂ ಇರಲಿಲ್ಲ. 1916ರ ಮಾರ್ಚ್ 16ರಂದು ಸಂಶೋಧನೆಯ ಮೇಲೆ ಅವರಿಗೆ ಬಿ.ಎ. ಸಿಕ್ಕಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರ ಏಪ್ರಿಲಿನಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಪ್ರತಿಭೆಯ ಗೆಲುವು ಎಂದು ಓದುವುದು ಸುಲಭ. ಅವರ ಪಟ್ಟು ದೊಡ್ಡದು ನಿಜ. ಆದರೆ ಪ್ರತಿ ಬಾಗಿಲಲ್ಲೂ ನಿಯಮ ಹಾಗೇ ಇತ್ತು. ಯಾರೋ ಒಬ್ಬರು ಕೆಲಸವನ್ನೇ ಓದಿ ನೋಡಿ, ಒಬ್ಬರ ಮಟ್ಟಿಗೆ ಅದನ್ನು ಪಕ್ಕಕ್ಕಿಟ್ಟರು. ಹಾಗೆ ಮಾಡುವುದಕ್ಕೂ ಒಂದು ಹೊತ್ತಿದೆ. ಅದೇ 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಶಾಲಾ ಓದು ಹೈಸ್ಕೂಲಿನಾಚೆ ಹೋಗಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಕೊಟ್ಟದ್ದು 1961ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಅದು ಮನ್ನಣೆ. ರಾಮಾನುಜನ್ ಅವರಿಗೆ ಮದ್ರಾಸು ಕೊಟ್ಟದ್ದು 25ನೇ ವಯಸ್ಸಿನಲ್ಲಿ, ಕೆಲಸ ಇನ್ನೂ ಮುಂದಿರುವಾಗ. ಅದು ಅವಕಾಶ.

ಅದೇ ಡಿಸೆಂಬರುಗಳಲ್ಲಿ ಅದೇ ಪರೀಕ್ಷೆಯಲ್ಲಿ ಫೇಲಾದ ಉಳಿದ ಹುಡುಗರಿಗಾಗಿ ಕಾಯಿದೆಯ ಪೀಠಿಕೆಯನ್ನು ಯಾರೂ ತೆರೆದು ಓದಲಿಲ್ಲ. ಅವರ ನೋಟುಪುಸ್ತಕಗಳಲ್ಲಿ ಏನಿತ್ತೆಂದು ಕೇಳಿದವರೂ ಇಲ್ಲ.