ಕಾವಲು ಉಳಿಸಿದ್ದೋ, ಕಾಗದ ಉಳಿಸಿದ್ದೋ

ಅಜ್ಜಂಪುರದ ಅಮೃತಮಹಲ್ ದನಗಳ ಮಾತು ಬಂದರೆ ಅದು ಹೋರಿಯ ಕೊಂಬು, ನಡಿಗೆ, ಟಿಪ್ಪುವಿನ ಫಿರಂಗಿಗಳ ಕಡೆ ಹೊರಳುತ್ತದೆ. ದಫ್ತರದ ಕಡೆ ಹೊರಳುವುದು ಕಡಿಮೆ. ಈ ತಳಿ ಹಲವು ಆಳ್ವಿಕೆಗಳನ್ನು ದಾಟಿ ಬಂದದ್ದರಲ್ಲಿ ದಫ್ತರದ ಪಾಲೇ ದೊಡ್ಡದೆಂದು ನನಗನ್ನಿಸುತ್ತದೆ. ಚಿಕ್ಕದೇವರಾಜ ಒಡೆಯರ (1673–1704) ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ಹುಟ್ಟಿದ್ದು. ಪಾಳೆಯಗಾರರನ್ನು ಗೆದ್ದ ಹೈದರ್ ಅವರ ದನಗಳನ್ನೂ ಅದಕ್ಕೆ ಸೇರಿಸಿ ಎತ್ತುಗಳನ್ನು ದಂಡಿಗೆ ಹೂಡಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಆ ಇಲಾಖೆಗೆಂದೇ ಕಟ್ಟಳೆಗಳ ಆಜ್ಞಾಪತ್ರವಾದ ಹುಕುಂನಾಮೆ ಹೊರಡಿಸಿದ. ಮೇಲ್ವಿಚಾರಣೆಗೆ ದರೋಗರು ಬಂದರು, ವರ್ಷಕ್ಕೊಮ್ಮೆ ಮಂದೆಗಳ ಹಾಜರಿ ನಡೆಯಿತು. ಒಂದಷ್ಟು ಮಂದೆಗಳ ಹಾಜರಿಗೆ ಸುಲ್ತಾನನೇ ಬಂದು ಇನಾಮು ಹಂಚುತ್ತಿದ್ದ. ಹುಕುಂನಾಮೆ ಮಾಡಿದ್ದು ಇಷ್ಟು: ಯಾವ ಸಂಗತಿಯನ್ನು ಯಾರು, ಯಾವಾಗ ಲೆಕ್ಕಕ್ಕೆ ತರಬೇಕೆಂಬುದು ದನ ಕಣ್ಣೆದುರು ಬರುವ ಮೊದಲೇ ಗೊತ್ತಾಗಿರುತ್ತಿತ್ತು.

ಮಂದೆಯನ್ನು ಉಳಿಸಿದ್ದು ಕಾಗದವಲ್ಲ, ಕಾವಲು (ಮೀಸಲು ಹುಲ್ಲುಗಾವಲು) ಮತ್ತು ಕಾವಲುಗಾರ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ಯಾವ ಹುಲ್ಲು ಎಂದು ಕರಗುತ್ತದೆ, ಮಂದೆ ಎಂದು ಎದ್ದು ಹೊರಡಬೇಕು ಎಂಬ ಅರಿವು ಮೇಯಿಸುವವನ ಕಾಲಲ್ಲೇ ಇತ್ತು. ಆದರೆ 1799ರಿಂದ 1813ರವರೆಗಿನ ಚರಿತ್ರೆ ಈ ಆಕ್ಷೇಪಕ್ಕೆ ಅಡ್ಡ ಬರುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳ ಪಾಲನೆ ಮೈಸೂರು ಸರ್ಕಾರದ ಪಾಲಿಗೆ ಬಂತು. ಹುಲ್ಲುಗಾವಲು ಎಲ್ಲಿಗೂ ಓಡಿಹೋಗಿರಲಿಲ್ಲ, ಮೇಯಿಸುವವರ ಅರಿವೂ ಒಂದೇ ತಲೆಮಾರಿನಲ್ಲಿ ಅಳಿಯುವಂಥದ್ದಲ್ಲ. ಆದರೂ ತಳಿ ಬೇಗ ಕೆಟ್ಟಿತು. ಕೊನೆಗೆ 1813ರಲ್ಲಿ ಮದರಾಸು ಸರ್ಕಾರ ಅದನ್ನು ತಾನೇ ವಹಿಸಿಕೊಂಡು ಸೇನೆಯ ಸರಬರಾಜು ಇಲಾಖೆಯಾದ ಕಮಿಸರಿಯೆಟ್ಟಿನ ಕ್ಯಾಪ್ಟನ್ ಹಾರ್ವೆಯನ್ನು ನೇಮಿಸಿತು. ಹತ್ತು ವರ್ಷಗಳಲ್ಲಿ ದನಗಳ ಸಂಖ್ಯೆ ಇಮ್ಮಡಿಯಾಯಿತು. ಹಾರ್ವೆ ಹೊಸ ತಳಿಯನ್ನೇನೂ ತರಲಿಲ್ಲ. ಬ್ರಿಟಿಷರ ಕೈಯಲ್ಲೂ ಇಲಾಖೆ ನಡೆದದ್ದು ಬಹುಪಾಲು ಟಿಪ್ಪುವಿನ ಹುಕುಂನಾಮೆಯ ಕಟ್ಟಳೆಗಳ ಮೇಲೆಯೇ. ಶತ್ರುವಿನ ಆಡಳಿತ ಕ್ರಮವನ್ನು ಸದ್ದಿಲ್ಲದೆ ಉಳಿಸಿಕೊಂಡ ಗೆದ್ದವರ ಚಾಣಾಕ್ಷತನವನ್ನೂ ಒಪ್ಪಬೇಕು. ಹಣ, ಸೇನೆಯ ಬೇಡಿಕೆ ಎರಡೂ ಈ ಚೇತರಿಕೆಗೆ ಒದಗಿದವು, ನಿಜ. ಆದರೆ ಬೇಡಿಕೆಯೊಂದೇ ಸಾಕಾಗಿದ್ದರೆ ಅದಕ್ಕೂ ಮುಂಚೆಯೇ ತಳಿ ಸುಧಾರಿಸಬೇಕಿತ್ತು. ಬೇಡಿಕೆ ಆಗಲೂ ಇತ್ತು: 1803ರ ಮರಾಠಾ ಯುದ್ಧದಲ್ಲಿ ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿಯ ದಂಡು ನೆಚ್ಚಿಕೊಂಡದ್ದು ಇದೇ ಎತ್ತುಗಳನ್ನು.

ಇನ್ನೊಂದು ಆಕ್ಷೇಪ ಹೆಚ್ಚು ಹರಿತ: ಕಟ್ಟಳೆಗೆ ಅಷ್ಟು ಶಕ್ತಿಯಿದ್ದರೆ 1860ರಲ್ಲಿ ಅದೇಕೆ ಕೈಕೊಟ್ಟಿತು? ಆ ವರ್ಷ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಬಿಟ್ಟರು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಇದ್ದ. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಮಂದೆ ಕಟ್ಟಲು ಹೊರಟಾಗ ಒಳ್ಳೆಯ ರಾಸುಗಳಿಗಾಗಿ ಪರದಾಡಬೇಕಾಯಿತು. ಕಟ್ಟಳೆಯ ಮಿತಿ ಇಲ್ಲಿ ಸ್ಪಷ್ಟ. ಹಾಜರಿ ಪುಸ್ತಕ ಕಳ್ಳತನವನ್ನು ತೋರಿಸೀತು, ಮುದಿ ದನ, ಎಳೆ ಕರುಗಳನ್ನು ಬೇರೆ ಮಾಡೀತು. ಪುಸ್ತಕವನ್ನೇ ಮುಚ್ಚುವ ಯಜಮಾನನನ್ನು ತಡೆಯಲಾರದು. ಇದರಿಂದ ನನ್ನ ಮಾತು ಬಿದ್ದುಹೋಗುವುದಿಲ್ಲ, ಕಿರಿದಾಗುತ್ತದೆ: ಕಟ್ಟಳೆ ಸೋಮಾರಿತನದಿಂದ ಕಾಯುತ್ತದೆ, ದುರ್ನಿರ್ಧಾರದಿಂದ ಕಾಯದು.

1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಮರಳಿತು. 1929ರಲ್ಲಿ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಬಂತು. ತರೀಕೆರೆ ಕಡೆಯ ಲಿಂಗದಹಳ್ಳಿ, ಕಡೂರು ತಾಲ್ಲೂಕಿನ ಬೀರೂರು, ಬಾಸೂರುಗಳಲ್ಲೂ ಮಂದೆಗಳಿವೆ. ಫಿರಂಗಿ ಎಳೆಯುವ ಕೆಲಸ ಹೋಗಿ ಕಾಲವೆಷ್ಟೋ ಆಯಿತು. ಬಾಸೂರಿನ ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಕೃಷ್ಣಮೃಗಗಳಿಗಾಗಿ; ಆ ಹುಲ್ಲು ಅವುಗಳ ಪಾಲಿಗೆ ಉಳಿದದ್ದು ಎತ್ತುಗಳಿಗೆಂದು ಎಂದೋ ಗೆರೆ ಎಳೆದಿಟ್ಟದ್ದರಿಂದ.