ಬಿಸಿನೀರಿನ ಅಪಸ್ಮಾರ ಮತ್ತು ‘ಸಹಜ’ ಇಇಜಿ: ಒಂದು ಮರುಪರಿಶೀಲನೆ

ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದ ನರರೋಗ ತಜ್ಞರಿಗೆ ಹೊಸದಲ್ಲ. ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ನಮ್ಮಲ್ಲಿ ಕೆ. ಎಸ್. ಮಣಿ 1960ರ ದಶಕದ ಕೊನೆಗೆ ಇದನ್ನು ದಾಖಲಿಸಿದರು, 1988ರಲ್ಲಿ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ನಿಮ್ಹಾನ್ಸ್‌ನ 279 ಪ್ರಕರಣಗಳನ್ನು ವಿವರಿಸಿದರು. ಇದು ಗಂಡುಮಕ್ಕಳಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ಸಾಗಿಬರುತ್ತದೆ ಎಂಬುದರಲ್ಲಿ ತಕರಾರಿಲ್ಲ.

ತಕರಾರಿರುವುದು ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯಾದ ಇಇಜಿಯ ಓದಿನಲ್ಲಿ. ಫಿಟ್ಸ್ ಇಲ್ಲದ ವೇಳೆಯ ದಾಖಲೆಯಲ್ಲಿ ಶೇ. 15–20 ರೋಗಿಗಳಲ್ಲಷ್ಟೇ ದೋಷ ಕಾಣುತ್ತದೆ ಎಂಬ ಮಾತನ್ನು ರೋಗದ ಲಕ್ಷಣವೆಂಬಂತೆ ಉಲ್ಲೇಖಿಸುವ ರೂಢಿ ಬೆಳೆದಿದೆ. ಈ ಅಂಕಿ ರೋಗಕ್ಕಿಂತ ಹೆಚ್ಚಾಗಿ ದಾಖಲಿಸಿದ ಸನ್ನಿವೇಶವನ್ನು ಹೇಳುತ್ತದೆ ಎಂಬುದು ನನ್ನ ವಾದ.

ಬೆಳಕಿನಿಂದ ಕೆರಳುವ ಅಪಸ್ಮಾರವನ್ನು ನೋಡಿ. ಅಲ್ಲಿ ಮಿನುಗುದೀಪ ಪ್ರಯೋಗಾಲಯದಲ್ಲೇ ಇರುತ್ತದೆ. ಫಿಟ್ಸ್ ಬರುವ ಮೊದಲೇ ಮಿದುಳಿನ ಪ್ರತಿಕ್ರಿಯೆ ಪಟ್ಟಿಯ ಮೇಲೆ ಮೂಡುತ್ತದೆ. ಆ ದೀಪವನ್ನು ತೆಗೆದುಬಿಟ್ಟರೆ ಅವರಲ್ಲೂ ಅನೇಕರ ಇಇಜಿ ‘ಸಹಜ’ವಾಗಿಯೇ ಕಂಡೀತು. ಬಿಸಿನೀರಿನ ರೋಗಿಯನ್ನಾದರೋ ಒಣ ಕೋಣೆಯಲ್ಲಿ ಮಲಗಿಸಿ ಅರ್ಧ ಗಂಟೆ ದಾಖಲಿಸುತ್ತೇವೆ. ಚೊಂಬಿನ ನೀರು ಸುರಿದರೆ ವಿದ್ಯುದಗ್ರಗಳ ನಡುವೆ ಸೇತುವೆ ಕಟ್ಟುತ್ತದೆ, ಕುತ್ತಿಗೆಯ ಸ್ನಾಯುಗಳ ಗದ್ದಲ ಅಲೆಗಳನ್ನು ಮುಚ್ಚುತ್ತದೆ. ಹೀಗಾಗಿ ಫಿಟ್ಸ್ ನಡೆಯುತ್ತಿರುವಾಗಿನ ದಾಖಲೆಗಳು ಬೆರಳೆಣಿಕೆಯವು. ಅವುಗಳಲ್ಲಿ ಮಿದುಳಿನ ಕಪೋಲ (ಟೆಂಪೊರಲ್) ಭಾಗದ ವಿದ್ಯುತ್ ವಿಸರ್ಜನೆ ವರದಿಯಾಗಿದೆ. ನೆತ್ತಿಯ ಇಇಜಿಗೆ ಮಿದುಳಿನ ತೊಗಟೆಯ ಹಲವು ಚದರ ಸೆಂಟಿಮೀಟರು ಏಕಕಾಲಕ್ಕೆ ಮಿಡಿಯಬೇಕು. ಆಳದಲ್ಲಿ ನಡೆಯುವುದು ಅದರ ಕಣ್ಣಿಗೆ ಬೀಳದಿರಬಹುದು.

ಆದರೆ ಹೋಲಿಕೆಯನ್ನು ಎಳೆಯುವುದಕ್ಕೂ ಮಿತಿಯಿದೆ. ಬೆಳಕಿನಂತೆ ಬಿಸಿನೀರಿಗೂ ಫಿಟ್ಸ್‌ಗೆ ಮುಂಚಿನ ಮೌನ ಪ್ರತಿಕ್ರಿಯೆ ಇದೆಯೆಂದು ತೋರಿಸುವಷ್ಟು ಪುರಾವೆ ಇನ್ನೂ ಇಲ್ಲ. ಉಷ್ಣ, ಸ್ಪರ್ಶ ಎರಡೂ ಬೆರೆತ ಪ್ರಚೋದನೆಯಾದ್ದರಿಂದ ಯಾವುದು ಎಷ್ಟು ಎಂದು ಬಿಡಿಸುವುದೂ ಕಷ್ಟ. ಇತರ ಅಪಸ್ಮಾರಗಳಲ್ಲೂ ಮೊದಲ ಇಇಜಿ ಸುಮಾರು ಅರ್ಧದಷ್ಟು ಜನರಲ್ಲಿ ಏನನ್ನೂ ತೋರಿಸುವುದಿಲ್ಲ. ಅಂದಮೇಲೆ ಇಲ್ಲಿನ ‘ಸಹಜ’ ದಾಖಲೆಗಳೆಲ್ಲ ಪ್ರಚೋದನೆಯ ಗೈರುಹಾಜರಿಯಿಂದಲೇ ಎನ್ನಲಾಗದು. ಮುಂದೆ ಸ್ನಾನದ ನಂಟಿಲ್ಲದೆಯೂ ಫಿಟ್ಸ್ ಬರುವ ಒಂದು ಗುಂಪಿದೆ. ದೋಷ ಕಂಡವರು ಹೆಚ್ಚಾಗಿ ಅವರೇ ಆಗಿದ್ದರೆ ನನ್ನ ವಾದ ಸಡಿಲವಾಗುತ್ತದೆ.

ಇಷ್ಟಂತೂ ನಿಲ್ಲುತ್ತದೆ: ಸಹಜ ಇಇಜಿಯನ್ನು ಮುಂದಿಟ್ಟು ಈ ರೋಗವನ್ನು ತಳ್ಳಿಹಾಕುವುದು ತಪ್ಪು. ಸ್ನಾನದ ಮನೆಯಲ್ಲಿ ನಡೆದುದನ್ನು ತಾಯಿ ಹೇಳಿದರೆ ಅದೇ ಹೆಚ್ಚಿನ ಸಾಕ್ಷ್ಯ. ಮುಂದಿನ ಅಧ್ಯಯನಕಾರರು ದಾಖಲೆಯ ಅವಧಿ, ನಿದ್ದೆ ಇತ್ತೇ ಇಲ್ಲವೇ, ಕೊನೆಯ ತಲೆಸ್ನಾನವಾಗಿ ಎಷ್ಟು ಹೊತ್ತಾಗಿತ್ತು ಎಂಬ ಮೂರನ್ನು ಪ್ರತಿ ಪ್ರಕರಣದಲ್ಲೂ ಬರೆದಿಡಬೇಕು.