ಬ್ರಿಗೇಡಿಯರ್ ಸೈಲೊ

ಇಂದಿನ ಮಿಜೋರಾಂ ಆಗಿರುವ ಲುಷಾಯ್ ಬೆಟ್ಟಗಳಲ್ಲಿ ಸೈಲೊ ಎಂಬುದು ಆಳಿದ ಕುಲದ ಹೆಸರು. ಬ್ರಿಟಿಷರು ಬರುವ ಮೊದಲು ಅಲ್ಲಿನ ಬಹುಪಾಲು ಹಳ್ಳಿಗಳಿಗೆ ಆ ಕುಲದವರೇ ಒಡೆಯರು. 1922ರಲ್ಲಿ ಆ ಕುಲದಲ್ಲಿ ಹುಟ್ಟಿದ ತೆನ್‌ಫುಂಗ ಸೈಲೊ ಹಿರಿಯರ ಒಡೆತನವನ್ನು ನೆಚ್ಚಿ ಕೂರಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಸೈನ್ಯ ಸೇರಿ, ಬರ್ಮಾ ರಣರಂಗವನ್ನು ಕಂಡು, ಸ್ವತಂತ್ರ ಭಾರತದ ಸೇನೆಯಲ್ಲಿ ಬ್ರಿಗೇಡಿಯರ್ ಹುದ್ದೆಗೇರಿದರು.

ಅವರು ಸಮವಸ್ತ್ರದಲ್ಲಿದ್ದಾಗಲೇ ತವರು ಹೊತ್ತಿ ಉರಿಯಿತು. 1959ರ ಸುಮಾರಿಗೆ ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ, ಬೆಳೆಯೆಲ್ಲ ಹಾಳಾಗಿ ಕ್ಷಾಮ ಬಂತು. ಆ ಹಸಿವಿನ ದಿನಗಳ ಪರಿಹಾರ ಸಂಘಟನೆಯೇ ಬೆಳೆದು ಲಾಲ್‌ಡೆಂಗಾ ಅವರ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರವರಿ ಕೊನೆಗೆ ದಂಗೆ ಎದ್ದಿತು. ಮಾರ್ಚ್‌ನಲ್ಲಿ ಐಜ್ವಾಲ್ ಪಟ್ಟಣದ ಮೇಲೆ ನಮ್ಮದೇ ವಾಯುಪಡೆ ಬಾಂಬು ಹಾಕಿತು. ಮರುವರ್ಷ ಹಳ್ಳಿಗಳನ್ನು ಕಿತ್ತು ಒಂದೆಡೆ ಸೇರಿಸುವ ಕಾರ್ಯ ಶುರುವಾಯಿತು. ಹೊರಲಾಗುವಷ್ಟನ್ನು ಹೊತ್ತು ಹೊರಡಿ ಎಂದು ಸೈನಿಕರ ಅಪ್ಪಣೆ. ಜನ ಬಿಟ್ಟುಬಂದ ಮನೆಗಳಿಗೆ ಬೆಂಕಿ ಬಿತ್ತು. ರಸ್ತೆ ಬದಿಯ ಬೇಲಿಯೊಳಗೆ ಗುರುತಿನ ಚೀಟಿ, ತಲೆಯೆಣಿಕೆ, ಕತ್ತಲಾದರೆ ಕರ್ಫ್ಯೂ. ಗುಡ್ಡದ ಹೊಲಗಳು ದೂರವಾದವು. ಬೆಳೆದುಣ್ಣುತ್ತಿದ್ದವರು ಸರ್ಕಾರ ಅಳೆದುಕೊಡುವ ಅಕ್ಕಿಗೆ ಕೈಯೊಡ್ಡಿದರು.

1974ರಲ್ಲಿ ನಿವೃತ್ತರಾಗಿ ಊರಿಗೆ ಬಂದ ಸೈಲೊ ಅದೇ ವರ್ಷ ಮಾನವ ಹಕ್ಕುಗಳ ಸಮಿತಿ ಕಟ್ಟಿ, ಭದ್ರತಾ ಪಡೆಗಳ ದೌರ್ಜನ್ಯದ ದೂರುಗಳನ್ನು ಕಲೆಹಾಕಿ ದೆಹಲಿಯ ಮುಂದಿಟ್ಟರು. ಬಂಡುಕೋರರು ಹೇಳಿದ್ದರೆ ವೈರಿಯ ಅಪಪ್ರಚಾರವೆಂದು ತಳ್ಳಿಹಾಕಬಹುದಿತ್ತು. ಆದರೆ ಹೇಳಿದವರು ಸೇನೆಯ ಶಿಸ್ತನ್ನೂ ಕಟ್ಟಳೆಯನ್ನೂ ಬಲ್ಲ ಬ್ರಿಗೇಡಿಯರ್. ಬರ್ಮಾದ ಕಾಡಿನಲ್ಲಿ ಅವರೆದುರಿಗೆ ಶತ್ರುವಿದ್ದ. ಇಲ್ಲಿ ಎದುರಿಗಿದ್ದುದು ಆಯುಷ್ಯವನ್ನೇ ಸವೆಸಿದ ಸ್ವಂತ ಸೇನೆ. ಅವರ ಬಾಳಿನ ಹಿರಿಯ ಸಾಹಸ ಇದೇ ಎಂದು ನಾನು ನಂಬಿದ್ದೇನೆ.

ಆ ಸಮಿತಿಯ ಬೆನ್ನಿಗೇ 1975ರಲ್ಲಿ ಪೀಪಲ್ಸ್ ಕಾನ್ಫರೆನ್ಸ್ ಪಕ್ಷ ಹುಟ್ಟಿತು. ಆಗ ಕೇಂದ್ರಾಡಳಿತ ಪ್ರದೇಶವಾಗಿದ್ದ ಮಿಜೋರಾಂಗೆ 1978ರಲ್ಲಿ ಸೈಲೊ ಮುಖ್ಯಮಂತ್ರಿಯಾದರು. ಸ್ವಪಕ್ಷದ ಒಡಕಿನಿಂದ ಆ ಸರ್ಕಾರ ವರ್ಷ ತುಂಬುವ ಮೊದಲೇ ಉರುಳಿದರೂ 1979ರಲ್ಲಿ ಜನ ಅವರನ್ನೇ ಮರಳಿ ಗೆಲ್ಲಿಸಿದರು. ಅತ್ತ ಬಂಡುಕೋರರು ಹೊರಗಿನವರಿಗೆ ನಾಡು ಬಿಡಲು ಗಡುವು ಕೊಟ್ಟಿದ್ದರು. ಸೇನೆಯ ತಪ್ಪನ್ನು ಎತ್ತಿ ತೋರಿಸಿದವರು ಬಂದೂಕಿನ ರಾಜಕಾರಣಕ್ಕೂ ತಲೆಬಾಗಲಿಲ್ಲ.

1984ರ ಹೊತ್ತಿಗೆ ಮಿಜೋ ಜನಕ್ಕೆ ಎಲ್ಲಕ್ಕಿಂತ ಮೊದಲು ಶಾಂತಿ ಬೇಕಿತ್ತು. ಬಂಡುಕೋರರೊಡನೆ ಒಪ್ಪಂದವಾದರೆ ಕುರ್ಚಿ ಬಿಟ್ಟುಕೊಡುತ್ತೇನೆಂದ ಕಾಂಗ್ರೆಸ್ಸಿನ ಲಾಲ್ ತನ್‌ಹಾವ್ಲಾ ಚುನಾವಣೆ ಗೆದ್ದರು, 1986ರಲ್ಲಿ ನುಡಿದಂತೆ ನಡೆದರು, ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ಮರುವರ್ಷ ಮಿಜೋರಾಂ ರಾಜ್ಯವಾಯಿತು. 1999ರಲ್ಲಿ ಸೈಲೊ ಅವರಿಗೆ ಪದ್ಮಶ್ರೀ ಸಂದಿತು. 2015ರ ಮಾರ್ಚ್‌ನಲ್ಲಿ, 93ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.